ಲಾಗ್ ಕಡತದಲ್ಲಿ ದೋಷದ ಶೋಧ

ಗಣಕದ ಕ್ರಮವಿಧಿಯು ತಾನು ಮಾಡಿದ ಕಾರ್ಯಗಳನ್ನು ವೇಳೆಸಹಿತ ಸಾಲುಸಾಲಾಗಿ ಬರೆದಿಡುವ ಕಡತವೇ ಲಾಗ್. ಹಣವು ಒಂದು ಖಾತೆಯಿಂದ ಕಳೆದು ಇನ್ನೊಂದಕ್ಕೆ ಸೇರದೆ ಹೋಯಿತೆನ್ನೋಣ. ಲಕ್ಷಾಂತರ ಸಾಲುಗಳಲ್ಲಿ ಕಾರಣವನ್ನು ಹುಡುಕುವುದು ಹೇಗೆ?

1973ರ ಯುನಿಕ್ಸ್‌ಗೆ ಕೆನ್ ಥಾಮ್ಸನ್ನರು ಒದಗಿಸಿದ ‘ಗ್ರೆಪ್’ ಆಜ್ಞೆಯು, ನಾವು ಕೊಟ್ಟ ಪದವುಳ್ಳ ಸಾಲುಗಳನ್ನು ಮಾತ್ರ ಸೋಸಿ ತೋರಿಸುತ್ತದೆ. ‘ಎರರ್’ ಎಂದು ಕೊಟ್ಟರೆ ದೋಷದ ಸಾಲುಗಳು ಉಳಿಯುವುವು. (ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದದಲ್ಲಿ ಇದು ಬಲು ಮಡಿವಂತ; ಸಣ್ಣಕ್ಷರದ ‘-ಐ’ ಸೇರಿಸಿದರೆ ಸಡಿಲುತ್ತದೆ.) ಆದರೆ ಆ ಸಾಲು ರೋಗದ ಲಕ್ಷಣ ಮಾತ್ರ, ಕಾರಣವು ಅನೇಕ ವೇಳೆ ಅದಕ್ಕೂ ಹಿಂದೆ, ಡಿಸ್ಕ್ ತುಂಬುತ್ತಿದೆಯೆಂಬ ಎಚ್ಚರಿಕೆಯಲ್ಲಿ ಅಡಗಿರುತ್ತದೆ. ಆದುದರಿಂದ ದೊಡ್ಡಕ್ಷರದ ‘-ಬಿ 5’ ಸೇರಿಸಿ, ಪ್ರತಿ ದೋಷದ ಹಿಂದಿನ 5 ಸಾಲುಗಳನ್ನೂ ಕೇಳುವುದು ಲೇಸು. ಅಲ್ಲಿ ದೊರೆತ ವ್ಯವಹಾರದ ಸಂಖ್ಯೆಯಿಂದ ಮತ್ತೆ ಶೋಧಿಸಿದರೆ ಆ ಒಂದು ಪಾವತಿಯ ನಡೆಯೆಲ್ಲ ಕಾಣುವುದು.