ಕಪೋನ್ ಕೂರುತ್ತಿದ್ದ ಮೂಲೆ

ಮಗಳ ಮನೆಗೆಂದು ಶಿಕಾಗೋಗೆ ಹೋದವರು ಒಂದು ಸಂಜೆ ಅಲ್ಲಿನ ಜಾಝ್ ಕ್ಲಬ್ಬು ಗ್ರೀನ್ ಮಿಲ್‌ಗೂ ಹೋಗಿಬನ್ನಿ. ಪಾನನಿಷೇಧದ ಕಾಲದಲ್ಲಿ ಪಾತಕಿ ಅಲ್ ಕಪೋನ್ ಬಳಗದ ಅಡ್ಡೆ ಅದು. ಅವನದೆಂದು ತೋರಿಸುವ ಮೂಲೆಯ ಸೀಟಿನಿಂದ ಎರಡೂ ಬಾಗಿಲು ಕಾಣುತ್ತವೆ. ಕೂತರೆ ಕಾರಣ ತಾನೇ ಹೊಳೆಯುತ್ತದೆ. ಸೆಲ್ಫಿಗೆ ಮೊದಲು ಜೋ ಇ. ಲೂಯಿಸ್‌ನನ್ನೂ ನೆನೆಯಿರಿ. ಇಲ್ಲಿ ಹಾಡುವುದು ಬಿಟ್ಟು ಹೆಚ್ಚು ಸಂಬಳಕ್ಕೆ ಬೇರೆ ಕ್ಲಬ್ಬು ಸೇರಿದ ತಪ್ಪಿಗೆ 1927ರಲ್ಲಿ ಈ ಹಾಡುಗಾರನ ಕತ್ತು ಕೊಯ್ದರು. ಬದುಕಿದನೇನೋ ನಿಜ, ಮಾತನ್ನೇ ಹೊಸದಾಗಿ ಕಲಿಯಬೇಕಾಯಿತು.

ಕ್ಲಬ್ಬಿನ ಕೆಳಗೆ ತಪ್ಪಿಸಿಕೊಳ್ಳಲು ಇತ್ತೆನ್ನುವ ಸುರಂಗದ ಕಥೆಗಳನ್ನು ಅರ್ಧ ನಂಬಿದರೆ ಸಾಕು. ಕಪೋನ್ ಠಿಕಾಣಿ ಹೂಡಿದ್ದ ಲೆಕ್ಸಿಂಗ್ಟನ್ ಹೋಟೆಲನ್ನು ಹುಡುಕಿಕೊಂಡು ಅಲೆಯಬೇಡಿ, 1995ರಲ್ಲೇ ಕೆಡವಿದ್ದಾರೆ. ಗ್ರೀನ್ ಮಿಲ್‌ನಲ್ಲಿ ಈಗ ಜಾಝ್‌ನದೇ ದರ್ಬಾರು. ಕಛೇರಿ ನಡುವೆ ಹರಟೆ ಹೊಡೆದರೆ ಗದರುತ್ತಾರೆ. 21 ತುಂಬದ ಮೊಮ್ಮಕ್ಕಳನ್ನು ಮನೆಯಲ್ಲೇ ಬಿಟ್ಟುಹೋಗಿ, ಒಳಗೆ ಸೇರಿಸುವುದಿಲ್ಲ.