ಹಳೆ ಕಾರಿನ ಸ್ಪೀಡೋಮೀಟರ್: ಮಾಡಬೇಕಾದ್ದು, ಮಾಡಬಾರದ್ದು

ಮಾರುತಿ 800, ಅಂಬಾಸಡರ್, ಪದ್ಮಿನಿ ತರಹದ ಕೇಬಲ್ ಮೀಟರಿನ ಗಾಡಿ ಇನ್ನೂ ಓಡಿಸುತ್ತಿರುವವರಿಗೆ ಈ ಸೂಚನೆ. ಮುಳ್ಳು ಕುಣಿಯಿತೆಂದು ಮೊದಲು ಮೀಟರಿಗೇ ಕೈ ಹಾಕಬೇಡಿ. ಎಷ್ಟೋ ಸಲ ಕೆಟ್ಟಿರುವುದು ಮೀಟರಲ್ಲ, ಗೇರ್‌ಬಾಕ್ಸಿನಿಂದ ಅಲ್ಲಿಗೆ ಬರುವ ಕೇಬಲ್ಲು.

ಮಾಡಬೇಕಾದ್ದು

ಮುಳ್ಳನ್ನೂ ಕಿಲೋಮೀಟರ್ ಅಂಕಿಗಳನ್ನೂ ಒಟ್ಟಿಗೆ ಗಮನಿಸಿ. ಎರಡಕ್ಕೂ ಕೇಬಲ್ ಒಂದೇ, ಕೆಲಸದ ರೀತಿ ಬೇರೆ. ಅಂಕಿಗಳು ಹಲ್ಲಿನ ಚಕ್ರಗಳಿಂದ ತಿರುಗುತ್ತವೆ. ಕೇಬಲ್ ಎಷ್ಟು ಸುತ್ತಿತೋ ಅಷ್ಟನ್ನು ಎಣಿಸುತ್ತವೆ, ಅಷ್ಟೇ. ಮುಳ್ಳಿಗೆ ಹಲ್ಲಿನ ಚಕ್ರವಿಲ್ಲ. ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅದರ ಸೆಳೆತಕ್ಕೆ ಪಕ್ಕದ ಅಲ್ಯೂಮಿನಿಯಂ ಬಟ್ಟಲು ಮುಟ್ಟದೆಯೇ ತಿರುಗಲು ಹೊರಡುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ನಮ್ಮ 800ರ ಡ್ಯಾಶ್‌ಬೋರ್ಡಿನಲ್ಲಿ ಇರುವುದೂ ಅದೇ.

ಹಾಗಾಗಿ ಎರಡೂ ನಿಂತಿದ್ದರೆ ಕೇಬಲ್ ತುಂಡಾಗಿದೆ, ಇಲ್ಲವೇ ಗೇರ್‌ಬಾಕ್ಸ್ ಕಡೆಯ ಪಿನಿಯನ್ ಹಲ್ಲು ಸವೆದಿದೆ ಎಂದು ತಿಳಿಯಿರಿ. ಅಂಕಿ ಓಡುತ್ತಿದ್ದು ಮುಳ್ಳು ಮಲಗಿದ್ದರೆ, ಅಥವಾ ಮುಳ್ಳು ಎದ್ದು ಅಂಕಿ ನಿಂತಿದ್ದರೆ, ದೋಷ ಮೀಟರಿನ ಒಳಗೇ ಇದೆ. ನಿಧಾನಕ್ಕೆ ಹೋಗುವಾಗ ಮುಳ್ಳು ಥರಥರ ನಡುಗಿ, ವೇಗ ಏರಿದ ಮೇಲೆ ಸುಮ್ಮನಾದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಸೊಟ್ಟಗಾಗಿದೆ.

ಬ್ಯಾಟರಿ ಟರ್ಮಿನಲ್ ಕಳಚಿ, ಮೀಟರ್ ಹಿಂದಿನಿಂದ ಕೇಬಲ್ ಬಿಚ್ಚಿ, ಒಳಗಿನ ತಂತಿಯನ್ನು ಎಳೆದು ತೆಗೆಯಿರಿ. ಸಮನಾದ ಮೇಜಿನ ಮೇಲಿಟ್ಟು ಅಂಗೈಯಲ್ಲಿ ಉರುಳಿಸಿ. ಚೆನ್ನಾಗಿದ್ದರೆ ನಯವಾಗಿ ಉರುಳುತ್ತದೆ. ಸೊಟ್ಟಗಿದ್ದರೆ ಸುತ್ತಿಗೊಮ್ಮೆ ಟಪಕ್ಕನೆ ಹೊರಳಿ ಬೀಳುತ್ತದೆ. ನಿಮ್ಮ ಮುಳ್ಳು ಕುಣಿಯುವುದು ಇದೇ ತಾಳಕ್ಕೆ. ತುದಿಯ ಚೌಕ ಸವೆದು ದುಂಡಗಾಗಿದೆಯೇ ನೋಡಿ. ತಂತಿ ಅರ್ಧವೇ ಕೈಗೆ ಬಂದರೆ ಉಳಿದ ತುಂಡನ್ನು ಕೆಳಗಿನಿಂದ ಬಿಚ್ಚಿ ತೆಗೆಸಿ. ತಂತಿ ಸರಿಯಾಗಿದ್ದರೆ ತೆಳುವಾಗಿ ಗ್ರೀಸ್ ಸವರಿ ವಾಪಸ್ ಹಾಕಿ. ಮೀಟರ್ ಕಡೆಯ ಒಂದು ಗೇಣು ಮಾತ್ರ ಒಣಗಿಯೇ ಇರಲಿ. ಕ್ಲಚ್ ಕೆಲಸ ಮಾಡಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಕೇಬಲ್ ಹಾಯ್ದ ದಾರಿಯಲ್ಲಿ ಬಿಗಿಯಾದ ತಿರುವು ಬಿದ್ದಿದೆಯೇ ಎಂದು ಮೊದಲು ನೋಡಿ.

ಮುಳ್ಳು ಸ್ಥಿರವಾಗಿದ್ದೂ ಸುಳ್ಳು ಹೇಳುತ್ತಿದೆ ಅನ್ನಿಸಿದರೆ ಅಳೆದು ನೋಡಿ. ಖಾಲಿ ಹೆದ್ದಾರಿಯಲ್ಲಿ ಮುಳ್ಳನ್ನು 60ಕ್ಕೆ ನಿಲ್ಲಿಸಿ ಓಡಿಸಿ. ಪಕ್ಕದಲ್ಲಿ ಕೂತವರು ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದರವರೆಗೆ ಸೆಕೆಂಡ್ ಎಣಿಸಲಿ. 60 ಸೆಕೆಂಡ್ ಆದರೆ ಮೀಟರ್ ನಿಖರ. 66 ಆದರೆ ನಿಜವಾದ ವೇಗ 54–55, ಗಾಬರಿ ಬೇಡ. ಸ್ಪೀಡೋಮೀಟರ್ ನಿಜಕ್ಕಿಂತ ತುಸು ಹೆಚ್ಚು ತೋರಿಸಬಹುದು, ಕಡಿಮೆ ತೋರಿಸಕೂಡದು ಎಂಬುದು ವಿಶ್ವಸಂಸ್ಥೆಯ 39ನೇ ವಾಹನ ನಿಯಮ. 56 ಸೆಕೆಂಡಿಗೇ ಕಲ್ಲು ಬಂದುಬಿಟ್ಟರೆ ನೀವು 64ರಲ್ಲಿ ಹೋಗುತ್ತಿದ್ದೀರಿ. ಬಿಡಬೇಡಿ, ರಿಪೇರಿ ಮಾಡಿಸಿ. ಕಲ್ಲುಗಳು ಸರಿಯಾಗಿಲ್ಲದ ಕಡೆ ಮೊಬೈಲಿನ ಜಿಪಿಎಸ್ ಸಾಕು, ಆದರೆ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಹೋದ ಮೇಲೆ ನೋಡಬೇಕು.

ಹತ್ತು ಕಿಲೋಮೀಟರಿನ ಕಲ್ಲುಗಳಿಗೆ ನಿಮ್ಮ ಅಂಕಿಗಳನ್ನೂ ತಾಳೆ ಹಾಕಿ. ಅಂಕಿ ಸರಿ, ಮುಳ್ಳು ತಪ್ಪು ಎಂದಾದರೆ ಸ್ಪ್ರಿಂಗ್ ಸೋತಿದೆ ಅಥವಾ ಅಯಸ್ಕಾಂತದ ಬಲ ಕುಗ್ಗಿದೆ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಟೈರ್ ನೋಡಿ. 800ಕ್ಕೆ ಕಂಪನಿ ಕೊಟ್ಟದ್ದು 145/70 ಆರ್12. ಅದಕ್ಕೆ ಆಲ್ಟೋದ 145/80 ಹಾಕಿಸಿದರೆ ಚಕ್ರ ಸುಮಾರು ಶೇ 6ರಷ್ಟು ದೊಡ್ಡದಾಗುತ್ತದೆ. ಸುತ್ತು ಕಡಿಮೆ, ಓಟ ಹೆಚ್ಚು. ಮುಳ್ಳೂ ಅಂಕಿಯೂ ಅಷ್ಟರಮಟ್ಟಿಗೆ ಹಿಂದೆ ಬೀಳುತ್ತವೆ. ಇದಕ್ಕೆ ಮೀಟರ್ ಬಿಚ್ಚಿಸುವುದು ದುಡ್ಡು ದಂಡ.

ಕೇಬಲ್ ಬದಲು ಸೆನ್ಸರ್ ಇರುವ ಗಾಡಿಯಾದರೆ ಫ್ಯೂಸ್, ಸೆನ್ಸರಿನ ಕನೆಕ್ಟರ್, ವೈರ್ ಈ ಕ್ರಮದಲ್ಲಿ ನೋಡಿಸಿ.

ಮಾಡಬಾರದ್ದು

ಮೀಟರಿನ ಒಳಗೆ ಎಣ್ಣೆ ಸ್ಪ್ರೇ ಮಾಡಬೇಡಿ, ಕೇಬಲ್ಲಿಗೆ ಗ್ರೀಸ್ ತುಂಬಿಸಬೇಡಿ. ಗ್ರೀಸ್ ಮೇಲಕ್ಕೇರಿ ಅಯಸ್ಕಾಂತಕ್ಕೂ ಬಟ್ಟಲಿಗೂ ಅಂಟಿದರೆ ಗಾಡಿ 30ರಲ್ಲಿದ್ದರೂ ಮುಳ್ಳು ಕೊನೆಗೆ ಹೋಗಿ ಕೂರುತ್ತದೆ.

ಮುಳ್ಳನ್ನು ಬೆರಳಲ್ಲಿ ತಳ್ಳಿ ‘ಸರಿ’ ಮಾಡಬೇಡಿ. ಸ್ಪ್ರಿಂಗ್ ಒಮ್ಮೆ ಸೊಟ್ಟಗಾದರೆ ಮನೆಯಲ್ಲಿ ನೇರ ಮಾಡಲು ಬರುವುದಿಲ್ಲ.

ಒಂದು ಚಕ್ರವನ್ನಷ್ಟೇ ಜಾಕಿನಲ್ಲಿ ಎತ್ತಿ ಗೇರಿನಲ್ಲಿ ಓಡಿಸಿ ಪರೀಕ್ಷಿಸಲೇಬೇಡಿ. ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಚಕ್ರ ಮೀಟರ್ ತೋರಿಸುವುದರ ಎರಡರಷ್ಟು ವೇಗದಲ್ಲಿ ತಿರುಗುತ್ತದೆ. ಮುಳ್ಳು 40 ಎಂದರೆ ಚಕ್ರ 80. ಜಾಕ್ ಜಾರಿದರೆ ಗಾಡಿ ಗೋಡೆ ನೋಡುವುದಿಲ್ಲ, ಮುಂದೆ ನಿಂತವರನ್ನೂ ನೋಡುವುದಿಲ್ಲ. ಕೇಬಲ್ ತಿರುಗುತ್ತಿದೆಯೇ ಎಂದು ತಿಳಿಯಲು ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಇಬ್ಬರು ಮೆಲ್ಲಗೆ ತಳ್ಳಿದರೆ ಸಾಕು.

ಒಬ್ಬರೇ ಇದ್ದಾಗ ಮೊಬೈಲ್ ನೋಡುತ್ತಾ ವೇಗ ಅಳೆಯಬೇಡಿ.

ಗುಜರಿಯಿಂದ ತಂದ ಮೀಟರ್ ಹಾಕಿಸಿ ಅದರ ಅಂಕಿಯನ್ನೇ ನಿಮ್ಮ ಗಾಡಿಯ ಓಟವೆಂದು ಮಾರುವಾಗ ಹೇಳಬೇಡಿ. ಹಳೆ ಅಂಕಿಯ ಫೋಟೊ ತೆಗೆದಿಟ್ಟು, ಬದಲಾಯಿಸಿದ ತಾರೀಖನ್ನು ಸರ್ವಿಸ್ ಪುಸ್ತಕದಲ್ಲಿ ಬರೆದು, ಕೊಳ್ಳುವವರಿಗೆ ತೋರಿಸಿ. ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಜಾಣತನವಲ್ಲ, ಮೋಸ.

‘ನನಗೆ ಅಂದಾಜು ಗೊತ್ತು’ ಎಂದು ಕೆಟ್ಟ ಮೀಟರಿನಲ್ಲೇ ಹೆದ್ದಾರಿಗೆ ಇಳಿಯಬೇಡಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ ಇದೆ, ಕ್ಯಾಮೆರಾಗಳೂ ಇವೆ. ಮೀಟರ್ ಕೆಟ್ಟಿತ್ತು ಎಂದು ದಂಡ ಮನ್ನಾ ಆಗುವುದಿಲ್ಲ. ಗಾಡಿಯಲ್ಲಿ ಸ್ಪೀಡೋಮೀಟರ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 117 ಹೇಳುತ್ತದೆ. ಗಾಡಿಗೆ 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಆರ್‌ಟಿಒಗೆ ಒಯ್ಯುವವರಿದ್ದರೆ, ಅದಕ್ಕೆ ಮುಂಚೆಯೇ ಕೇಬಲ್ ಹಾಕಿಸಿಕೊಳ್ಳಿ.