ನಕ್ಷತ್ರ ಬರೆದದ್ದೆಲ್ಲ ಮಿಲಿಟರಿ ಜೀಪಲ್ಲ

ಪ್ರಶ್ನೆ: ಪೂರ್ತಿ ರಿಸ್ಟೋರ್ ಮಾಡಿದ 1943ರ ಫೋರ್ಡ್ ಮಿಲಿಟರಿ ಜೀಪೊಂದು ಮಾರಾಟಕ್ಕಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ನಮ್ಮ ತಾತ ಸೇನೆಯ ಡಿಸ್ಪೋಸಲ್ ಹರಾಜಿನಲ್ಲಿ ಕೊಂಡಿದ್ದ ಇಂಥದ್ದೇ ಜೀಪು ತೋಟದಲ್ಲಿತ್ತು, ಅದಕ್ಕೇ ಆಸೆ. ಆಲಿವ್ ಹಸಿರು ಬಣ್ಣ, ಬಾನೆಟ್ ಮೇಲೆ ಬಿಳಿ ನಕ್ಷತ್ರ, ಗ್ಲೋವ್‌ಬಾಕ್ಸಿಗೆ ಬಡಿದ ಮಾಹಿತಿ ತಗಡುಗಳು ಎಲ್ಲವೂ ಇವೆ. ಬೆಲೆ ಮಾತ್ರ ವಿಪರೀತ. ಅಸಲಿ ಹೌದೋ ಅಲ್ಲವೋ ಗೊತ್ತಾಗುವುದು ಹೇಗೆ?
– ಕಾಫಿ ಬೆಳೆಗಾರ, ಮೂಡಿಗೆರೆ

ಉತ್ತರ: ನೀವು ಹೇಳಿದ ಮೂರೂ ಗುರುತುಗಳು ದುಡ್ಡು ಕೊಟ್ಟರೆ ಇವತ್ತೂ ಸಿಗುತ್ತವೆ. ತಗಡುಗಳನ್ನಂತೂ ಹಳೆಯ ಅಚ್ಚಿನಂತೆಯೇ ಹೊಸದಾಗಿ ಮಾಡಿ ಮಾರುತ್ತಾರೆ. ಹಾಗಾಗಿ ಬಾನೆಟ್ ಬಿಟ್ಟು ನೆಲಕ್ಕೆ ಬಗ್ಗಿ, ಚಾಸಿಯಿಂದ ಶುರುಮಾಡಿ.

ಯುದ್ಧಕಾಲದ ಜೀಪನ್ನು ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಕಂಪನಿಗಳು ಒಂದೇ ನಕ್ಷೆಯಲ್ಲಿ ತಯಾರಿಸಿದವು. ಆದರೆ ರೇಡಿಯೇಟರ್ ಕೆಳಗೆ ಚಾಸಿಯ ಎರಡು ಬದಿಗಳನ್ನು ಜೋಡಿಸುವ ಅಡ್ಡಪಟ್ಟಿ ಬೇರೆ ಬೇರೆ. ವಿಲ್ಲಿಸ್‌ನದು ದುಂಡು ಪೈಪು, ಫೋರ್ಡ್‌ನದು ಬೋರಲು ಹಾಕಿದ ಚಾನೆಲ್. ನೀವು ನೋಡುವ ‘ಫೋರ್ಡ್’ನಲ್ಲಿ ದುಂಡು ಪೈಪಿದ್ದರೆ ಆ ಚಾಸಿ ಫೋರ್ಡ್‌ನದಲ್ಲ. ಫೋರ್ಡ್ ಚಾಸಿಯ ಎಡಪಟ್ಟಿಯ ಮೇಲ್ಭಾಗದಲ್ಲಿ, ಎಂಜಿನ್ ಮೌಂಟಿಂಗ್ ಹತ್ತಿರ, ಜಿಪಿಡಬ್ಲ್ಯು ಎಂದು ಶುರುವಾಗುವ ಸಂಖ್ಯೆಯನ್ನು ಕೊರೆದಿರುತ್ತಾರೆ. ಅಲ್ಲಿ ಬಣ್ಣ ದಪ್ಪವಾಗಿದ್ದರೆ ಕೆರೆದು ತೋರಿಸಲು ಕೇಳಿ. ಗ್ರೈಂಡರ್ ಗೀರು, ವೆಲ್ಡಿಂಗ್ ಗಂಟು, ಸಾಲು ತಪ್ಪಿದ ಅಂಕಿ ಕಂಡರೆ ಮಾತು ಮುಂದುವರಿಸಬೇಡಿ. ಕೆರೆಯಲು ಬಿಡದಿದ್ದರೂ ಅಷ್ಟೇ.

ಆಮೇಲೆ ಮೈ ನೋಡಿ. ಯುದ್ಧದ ಜೀಪಿನ ಗ್ರಿಲ್‌ನಲ್ಲಿ ಒಂಬತ್ತು ಸೀಳುಗಳಿವೆ. ಹೆಡ್‌ಲೈಟ್ ಚಿಕ್ಕದು, ಗ್ರಿಲ್‌ಗಿಂತ ಒಳಗೆ ಕೂತಿರುತ್ತದೆ. ರಾತ್ರಿ ರಿಪೇರಿಗೆ ಬೆಳಕು ಬೇಕೆಂದು ಅದನ್ನು ಎಂಜಿನ್ ಕಡೆಗೆ ತಿರುಗಿಸುವ ಏರ್ಪಾಡೂ ಇದೆ. ಯುದ್ಧದ ನಂತರದ ನಾಗರಿಕ ಜೀಪಿಗೆ ಏಳೇ ಸೀಳು, ದೊಡ್ಡ ಹೆಡ್‌ಲೈಟು, ಹಿಂದೆ ತೆರೆಯುವ ಬಾಗಿಲು. ಮಿಲಿಟರಿಯದಕ್ಕೆ ಹಿಂಬಾಗಿಲಿಲ್ಲ, ಹಿಂದಿನ ಎರಡೂ ಮೂಲೆಗಳಲ್ಲಿ ಟೂಲ್ ಪೆಟ್ಟಿಗೆಗಳಿರುತ್ತವೆ. ಇಷ್ಟೂ ಸರಿಯಿದ್ದರೂ ನೆಚ್ಚಿಕೊಳ್ಳಬೇಡಿ. ನಮ್ಮ ಟಿಂಕರಿಂಗ್ ಕೆಲಸಗಾರರು ಇಡೀ ಬಾಡಿಯನ್ನೇ ಹೊಸ ತಗಡಿನಲ್ಲಿ ಕಟ್ಟಿಕೊಡಬಲ್ಲ ಜಾಣರು.

ಎಂಜಿನ್ 2,199 ಸಿಸಿ, ಸೈಡ್ ವಾಲ್ವ್, 60 ಅಶ್ವಶಕ್ತಿ. ಅದರ ಹೆಡ್ ಚಪ್ಪಟೆ, ಸ್ಪಾರ್ಕ್ ಪ್ಲಗ್ಗುಗಳು ನೇರ ಮೇಲೇ ಕಾಣುತ್ತವೆ. ಮೇಲೆ ವಾಲ್ವ್ ಕವರ್ ಇದ್ದರೆ ಅದು ಮಹೀಂದ್ರ ನಮ್ಮಲ್ಲಿ ತಯಾರಿಸಿದ ಎತ್ತರ ಬಾನೆಟ್ಟಿನ ಸಿಜೆ-3ಬಿ ಎಂಜಿನ್ ಇರಬಹುದು. ಆದರೆ ಫೋರ್ಡ್ ಚಾಸಿಯಲ್ಲಿ ವಿಲ್ಲಿಸ್ ಎಂಜಿನ್ ಸಿಕ್ಕರೆ ಗಾಬರಿಯಾಗಬೇಡಿ. ಸೇನೆಯ ವರ್ಕ್‌ಶಾಪುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿ ಓಡಿಸುತ್ತಿದ್ದರು. ಅದು ಆ ಜೀಪಿನ ಚರಿತ್ರೆಯೇ. ನನ್ನ ತಕರಾರು ಬದಲಾವಣೆಯ ಮೇಲಲ್ಲ, ಮುಚ್ಚಿಡುವುದರ ಮೇಲೆ. ಫೋರ್ಡ್ ತನ್ನ ಬೋಲ್ಟುಗಳ ತಲೆಗೂ ‘ಎಫ್’ ಅಕ್ಷರ ಒತ್ತುತ್ತಿತ್ತು. ಅಂಥವು ಅಲ್ಲಲ್ಲಿ ಉಳಿದಿದ್ದರೆ ಒಳ್ಳೆಯ ಲಕ್ಷಣ, ಅಷ್ಟೆ.

ಆರ್‌ಸಿಯಲ್ಲಿ 1943ರ ಬದಲು 1948 ಇದ್ದರೆ ಅದೊಂದೇ ಕಾರಣಕ್ಕೆ ಬಿಡಬೇಡಿ, ಹರಾಜಿನ ನಂತರವೇ ಇವು ನಾಗರಿಕ ನೋಂದಣಿಗೆ ಬಂದದ್ದು. ಚಾಸಿ ಸಂಖ್ಯೆಯ ಪೆನ್ಸಿಲ್ ಪ್ರಿಂಟ್ ತೆಗೆದು, ಆರ್‌ಸಿಯ ಜೊತೆಗೂ ಆರ್‌ಟಿಒ ಕಚೇರಿಯ ಬಿ ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ನಕಲು) ಜೊತೆಗೂ ಅಂಕಿ ಅಂಕಿ ಹೋಲಿಸಿ. ಕೊನೆಗೆ ಅದು ವೇಷ ಹಾಕಿದ ಸಿಜೆ-3ಬಿ ಎಂದಾದರೆ, ತೋಟಕ್ಕೆ ಅದೂ ಒಳ್ಳೆಯ ಗಾಡಿಯೇ. ಸಿಜೆ-3ಬಿ ಬೆಲೆಗೆ ಕೊಟ್ಟರೆ ತೆಗೆದುಕೊಳ್ಳಿ.

ಪ್ರಶ್ನೆ: 1960ರ ಅಂಬಾಸಡರ್ ಮಾರ್ಕ್ 1, ನೋಡಲು ಮುತ್ತಿನಂತಿದೆ. ಒಳಗೆ ಇಸುಜು ಎಂಜಿನ್. ವಿಂಟೇಜ್ ನೋಂದಣಿ ಆಗುತ್ತದೆ ಎನ್ನುತ್ತಾರೆ. ನಂಬಬಹುದೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ನಂಬಬೇಡಿ. ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಕಳೆದಿರಬೇಕು. ಜೊತೆಗೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಭಾರಿ ಮಾರ್ಪಾಡು ಆಗಿರಬಾರದು. ಮಾರ್ಕ್ 1ಕ್ಕೆ ಇದ್ದದ್ದು ಮೊದಲು 1,476 ಸಿಸಿ ಸೈಡ್ ವಾಲ್ವ್ ಎಂಜಿನ್, ಆಮೇಲೆ 1,489 ಸಿಸಿ ಓವರ್‌ಹೆಡ್ ವಾಲ್ವ್. ಅಂಬಾಸಡರ್‌ಗೆ ಇಸುಜು 1,800 ಪೆಟ್ರೋಲ್ ಎಂಜಿನ್ ಬಂದದ್ದು 1990ರ ದಶಕದಲ್ಲಿ. ಹಳೆಯ ಎಂಜಿನ್ ಎಲ್ಲಾದರೂ ಮೂಲೆಯಲ್ಲಿ ಬಿದ್ದಿದೆಯೇ ಕೇಳಿ. ಇದ್ದರೆ ಅದನ್ನೂ ಸೇರಿಸಿಯೇ ವ್ಯವಹಾರ ಮಾಡಿ. ವಿಂಟೇಜ್ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ ಎಂಬುದೂ ಗೊತ್ತಿರಲಿ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ.

ಪ್ರಶ್ನೆ: ರಿಸ್ಟೋರ್ ಮಾಡಿದ ಬಿಲ್ಲುಗಳೆಲ್ಲ ಕಳೆದುಹೋಗಿವೆ ಎನ್ನುತ್ತಾರೆ. ಹಳೆಯ ಫಿಯಟ್ 1100 ಕೊಳ್ಳಬಹುದೇ?
– ಉಪನ್ಯಾಸಕಿ, ಧಾರವಾಡ

ಉತ್ತರ: ಬಿಲ್ಲು ಕಳೆಯಬಹುದು, ಫೋಟೊ ಇರಲೇಬೇಕಲ್ಲ? ಬಣ್ಣ ಸುಲಿದು ಬರಿಮೈ ಮಾಡಿದಾಗ ತೆಗೆದ ಚಿತ್ರಗಳನ್ನು ಕೇಳಿ. ಅದೂ ಇಲ್ಲವೆಂದರೆ ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಬಾಗಿಲ ಕೆಳಅಂಚು, ಚಕ್ರದ ಕಮಾನು ಪರೀಕ್ಷಿಸಿ; ಅಂಟದ ಕಡೆ ಪುಟ್ಟಿ ತುಂಬಿದೆ. ಅದೇ ಮಾದರಿಯ ಕಾರನ್ನು ವರ್ಷಗಟ್ಟಲೆ ಸಾಕಿದವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಬಿ ಎಕ್ಸ್‌ಟ್ರಾಕ್ಟ್ ಕೈಗೆ ಬರುವ ಮೊದಲು ಮುಂಗಡ ಕೊಡಬೇಡಿ.